ಆಕಾಶದ ಋಣ

ಪುಷ್ಪಕವಿಮಾನವು ಯಾವ ಎಣ್ಣೆಯನ್ನು ಉರಿಸಿಕೊಂಡು ಹಾರುತ್ತಿತ್ತೆಂದು ರಾಮಾಯಣ ಕೇಳಲು ಕುಳಿತವರಾರೂ ಪ್ರಶ್ನಿಸಿದಂತೆ ಕಾಣೆ. ಪ್ರಶ್ನಿಸುವ ಅಗತ್ಯವೂ ಇರಲಿಲ್ಲ. ಅದು ಒಡೆಯನ ಮನಸ್ಸನ್ನರಿತು ನಡೆಯುವ ವಿಮಾನ, ಜಗತ್ತಿಗೆಲ್ಲ ಒಂದೇ. ರಾವಣ ಅದನ್ನು ಕುಬೇರನಿಂದ ಕಿತ್ತುಕೊಂಡು ತನ್ನದೆಂದು ಇಟ್ಟುಕೊಂಡ. ರಾಮ ಲಂಕೆಯಿಂದ ಅದರಲ್ಲಿ ಬಂದಿಳಿದು, ಅನಂತರ ಅದನ್ನು ಕುಬೇರನಿಗೇ ಕಳುಹಿಸಿಕೊಟ್ಟ. ವಾಹನ ಒಂದೇ, ಬಳಸಿದ ರೀತಿ ಬೇರೆ. ಇಂದು ವಿಮಾನದ ಇಂಧನವನ್ನು ಕುರಿತು ನಡೆಯುತ್ತಿರುವ ಚರ್ಚೆಯನ್ನು ಓದುವಾಗ ಈ ವ್ಯತ್ಯಾಸ ನೆನಪಿಗೆ ಬರುತ್ತದೆ. ಚರ್ಚೆ ಯಂತ್ರಶಾಸ್ತ್ರಕ್ಕೆ ಸೇರಿದ್ದೆಂದು ತೋರಿದರೂ ಅದರ ತಿರುಳಿನಲ್ಲಿರುವುದು ಧರ್ಮದ ಪ್ರಶ್ನೆ.

ಮೊದಲು ಸಂಗತಿಯನ್ನು ತಿಳಿಯೋಣ. ಈಗಿನ ವಿಮಾನಗಳು ಹಾರುವುದು ಸೀಮೆಎಣ್ಣೆಯ ಜಾತಿಗೆ ಸೇರಿದ ಒಂದು ಎಣ್ಣೆಯಿಂದ. ಬಸ್ಸು ಕಾರುಗಳು ವಿದ್ಯುತ್ತಿಗೆ ಒಗ್ಗಿಕೊಳ್ಳುತ್ತಿವೆ. ಆದರೆ ದೂರ ಹಾರುವ ವಿಮಾನಕ್ಕೆ ಬೇಕಾಗುವಷ್ಟು ಬ್ಯಾಟರಿಯನ್ನು ಹೇರಿದರೆ ಆ ಭಾರಕ್ಕೇ ಅದು ನೆಲಬಿಟ್ಟು ಏಳಲಾರದು. ಆದ್ದರಿಂದ ವಿಮಾನವನ್ನು ಹಾಗೆಯೇ ಇಟ್ಟುಕೊಂಡು ಎಣ್ಣೆಯನ್ನು ಬದಲಾಯಿಸುವ ಪ್ರಯತ್ನ ನಡೆದಿದೆ. 2018ರ ಆಗಸ್ಟ್ 27ರಂದು ಡೆಹರಾಡೂನಿನಿಂದ ದಿಲ್ಲಿಗೆ ಬಂದ ಸ್ಪೈಸ್‌ಜೆಟ್ ವಿಮಾನದ ಒಂದು ಎಂಜಿನ್ನಿಗೆ, ಕಾಲುಭಾಗ ಜಟ್ರೋಫಾ ಬೀಜದ ಇಂಧನ ಬೆರೆತ ಎಣ್ಣೆಯನ್ನು ಕೊಟ್ಟಿದ್ದರು. 2023ರ ನವೆಂಬರ್ 28ರಂದು ವರ್ಜಿನ್ ಅಟ್ಲಾಂಟಿಕ್ ಸಂಸ್ಥೆಯ ವಿಮಾನವೊಂದು, ಭೂಗರ್ಭದ ಎಣ್ಣೆಯ ನೆರವಿಲ್ಲದೆ, ಲಂಡನ್ನಿನಿಂದ ನ್ಯೂಯಾರ್ಕಿಗೆ ಹಾರಿತು. ಅದರ ಇಂಧನದ ಬಹುಪಾಲು ಕರಿದು ಉಳಿದ ಅಡಿಗೆಯೆಣ್ಣೆ, ಪ್ರಾಣಿಗಳ ಕೊಬ್ಬು ಇವುಗಳಿಂದ ತಯಾರಾದುದು. ಬೋಂಡಾ ಕರಿದ ಎಣ್ಣೆಯಲ್ಲಿ ವಿಮಾನ ಹಾರುತ್ತದೆಂದರೆ ನಮಗೆ ನಗು ಬರಬಹುದು. ಆದರೆ ಇದು ನಗೆಯ ಮಾತಲ್ಲ.

ಹೊಸ ಎಣ್ಣೆ ಉರಿದರೆ ಹೊಗೆಯೇ ಬರುವುದಿಲ್ಲವೆಂದು ತಿಳಿಯಬಾರದು. ಇಂಗಾಲದ ಡೈಆಕ್ಸೈಡ್ ಅದರಿಂದಲೂ ಬರುತ್ತದೆ. ಭೇದವಿರುವುದು ಲೆಕ್ಕದಲ್ಲಿ. ಗಿಡ ಬೆಳೆಯುವಾಗ ಗಾಳಿಯಿಂದ ತೆಗೆದುಕೊಂಡ ಇಂಗಾಲ, ಅದರ ಎಣ್ಣೆ ಉರಿದಾಗ ಗಾಳಿಗೇ ಮರಳುತ್ತದೆ. ಭೂಗರ್ಭದ ಎಣ್ಣೆಯಾದರೋ ಕೋಟ್ಯಂತರ ವರ್ಷಗಳಿಂದ ಹೂತಿಟ್ಟ ಇಂಗಾಲವನ್ನು ಹೊಸದಾಗಿ ಹೊರಕ್ಕೆ ಬಿಡುತ್ತದೆ. ಒಂದು, ಈ ವರ್ಷದ ಸಂಬಳದಲ್ಲಿ ಮಾಡಿದ ಖರ್ಚು. ಇನ್ನೊಂದು, ಪಿತ್ರಾರ್ಜಿತವನ್ನು ಮಾರಿ ಮಾಡಿದ ಖರ್ಚು. ಬೆಳೆಯುವ, ಸಾಗಿಸುವ, ಸಂಸ್ಕರಿಸುವ ಕೆಲಸಗಳನ್ನೆಲ್ಲ ಸೇರಿಸಿ ನೋಡಿದರೂ, ಚೆನ್ನಾಗಿ ತಯಾರಿಸಿದ ಹೊಸ ಇಂಧನದಿಂದ ಹೊರೆ 100ಕ್ಕೆ 80ರಷ್ಟು ಇಳಿಯಬಹುದೆಂದು ಬಲ್ಲವರ ಅಂದಾಜು.

ಇಷ್ಟು ಒಳ್ಳೆಯದಾದ ವಸ್ತು ಬಹಳ ಕಡಮೆ ಇದೆ ಎಂಬುದೇ ತೊಡಕು. 2024ರಲ್ಲಿ ಜಗತ್ತೆಲ್ಲ ಸೇರಿ ತಯಾರಿಸಿದ್ದು ಸುಮಾರು 10 ಲಕ್ಷ ಟನ್; ಒಟ್ಟು ವಿಮಾನ ಇಂಧನದಲ್ಲಿ ಅದು 1000ಕ್ಕೆ ಮೂರು ಪಾಲು. ಬೆಲೆ ಹಳೆಯ ಎಣ್ಣೆಯ ಎರಡರಿಂದ ಐದು ಪಟ್ಟು. ಯೂರೋಪಿನ ಒಕ್ಕೂಟ 2025ರಿಂದ ನೂರಕ್ಕೆ 2 ಪಾಲು, 2030ಕ್ಕೆ 6, 2050ಕ್ಕೆ 70 ಪಾಲು ಹೊಸ ಇಂಧನವಿರಬೇಕೆಂದು ಕಟ್ಟಳೆ ಮಾಡಿದೆ. ನಮ್ಮ ಸರ್ಕಾರ ಪರದೇಶಗಳಿಗೆ ಹೋಗುವ ವಿಮಾನಗಳಿಗಾಗಿ 2027ಕ್ಕೆ 1, 2028ಕ್ಕೆ 2, 2030ಕ್ಕೆ 5 ಪಾಲಿನ ಗುರಿಯನ್ನು ಇಟ್ಟುಕೊಂಡಿದೆ. ಪದಾರ್ಥ ಕೊಂಚ, ಬೆಲೆ ಹೆಚ್ಚು, ಬೇಕೆನ್ನುವವರು ಬಹಳ. ಇಂಥ ಸ್ಥಿತಿಯಲ್ಲಿ ನ್ಯಾಯದ ಪ್ರಶ್ನೆ ಏಳದೆ ಇರುವುದಿಲ್ಲ. ಹೆಚ್ಚಿನ ಬೆಲೆಯನ್ನು ಕೊಡಬೇಕಾದವರು ಯಾರು?

ಈ ಪ್ರಶ್ನೆಯೇ ಬೇಡವೆನ್ನುವವರುಂಟು. ಮನುಷ್ಯರು ಗಾಳಿಗೆ ಬಿಡುವ ಇಂಗಾಲದ ಡೈಆಕ್ಸೈಡಿನಲ್ಲಿ ವಿಮಾನಗಳ ಪಾಲು ನೂರಕ್ಕೆ ಎರಡೂವರೆಯಷ್ಟೇ. ಅಷ್ಟಕ್ಕೆ ಇಷ್ಟು ಗದ್ದಲವೇಕೆ ಎಂದು ಅವರ ವಾದ. ಅಂಕಿ ನಿಜ. ಆದರೆ ಆ ಎರಡೂವರೆ ಪಾಲು ಯಾರದೆಂದು ನೋಡಬೇಡವೆ? 2018ರಲ್ಲಿ ವಿಮಾನವೇರಿದವರು ಜಗತ್ತಿನ ಜನರಲ್ಲಿ ನೂರಕ್ಕೆ ಸುಮಾರು 11 ಮಂದಿ ಎಂದು ವಿದ್ವಾಂಸರು ಲೆಕ್ಕ ಹಾಕಿದ್ದಾರೆ. ಪದೇ ಪದೇ ಹಾರುವ ನೂರಕ್ಕೆ ಒಬ್ಬನಿಂದಲೇ ಪ್ರಯಾಣಿಕ ವಿಮಾನಗಳ ಹೊಗೆಯ ಅರ್ಧಭಾಗ. ಮಳೆ ತಪ್ಪಿದರೆ ಕಂಗೆಡುವ ರೈತ, ಕಡಲು ಮೇಲೆ ಬಂದರೆ ಮನೆ ಕಳೆದುಕೊಳ್ಳುವ ಬೆಸ್ತ, ಇವರಲ್ಲಿ ಹೆಚ್ಚಿನವರು ವಿಮಾನದ ಮೆಟ್ಟಿಲನ್ನೇ ಹತ್ತಿದವರಲ್ಲ. ಉಂಡವನೊಬ್ಬ, ಬೆಲೆ ತೆರುವವನು ಇನ್ನೊಬ್ಬ ಎಂದಾದಾಗ ಊಟ ಎಷ್ಟು ಚಿಕ್ಕದೆಂಬುದು ಸಮಾಧಾನದ ಮಾತಾಗದು.

ಎಣ್ಣೆಯನ್ನು ಬದಲಾಯಿಸಿದ ಮಾತ್ರಕ್ಕೆ ಈ ಅನ್ಯಾಯ ನೀಗುತ್ತದೆಯೆ? ಬದಲಾಯಿಸುವ ಕ್ರಮದಲ್ಲಿ ಎಚ್ಚರ ತಪ್ಪಿದರೆ ಹೊಸದೊಂದು ಅನ್ಯಾಯವೇ ಹುಟ್ಟಬಹುದು. ಅಡಿಗೆಯೆಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಪರದೇಶಗಳಿಂದ ತರಿಸಿಕೊಳ್ಳುವ ದೇಶ ನಮ್ಮದು. ಇಲ್ಲಿ ಹೊಲದ ಎಣ್ಣೆ ಬಾಣಲೆಗೆ ಹೋಗಬೇಕೇ ವಿಮಾನಕ್ಕೆ ಹೋಗಬೇಕೇ ಎಂದು ಕೇಳಿದರೆ ಉತ್ತರ ಸ್ಪಷ್ಟ. ಕರಿದು ಬಿಟ್ಟ ಎಣ್ಣೆ ನಿರ್ದೋಷವಾದದ್ದು, ಸರಿ. ಆದರೆ ಬೆಲೆ ಏರಿದೊಡನೆ ಹೊಸ ತಾಳೆಯೆಣ್ಣೆಯನ್ನೇ ಹಳೆಯದೆಂದು ಮಾರುತ್ತಾರೆಂಬ ಸಂಶಯ ಯೂರೋಪಿನಲ್ಲಿ ಆಗಲೇ ಎದ್ದಿದೆ. ಜಟ್ರೋಫಾ ಎಂಥ ಬಂಜರಿನಲ್ಲಿಯೂ ಬೆಳೆಯುತ್ತದೆಂದು ಹಿಂದೆ ನಮ್ಮ ರೈತರಿಗೆ ಹೇಳಿದರು; ಗಿಡವೇನೋ ಬೆಳೆಯಿತು, ನೀರಿಲ್ಲದ ನೆಲದಲ್ಲಿ ಕಾಯಿ ಸಾಕಷ್ಟು ಬಿಡಲಿಲ್ಲ. ನಮ್ಮ ಹೊಂಗೆಯ ಮರ ಬೇರೊಂದು ದಾರಿಯನ್ನು ತೋರುತ್ತದೆ. ಬದುವಿನಲ್ಲಿ ನಿಂತು ನೆರಳು ಕೊಟ್ಟು, ಅನ್ನದ ನೆಲವನ್ನು ಕಬಳಿಸದೆ, ದೀಪಕ್ಕೆ ಎಣ್ಣೆಯನ್ನೂ ಹೊಲಕ್ಕೆ ಹಿಂಡಿಯನ್ನೂ ಕೊಟ್ಟ ಮರ ಅದು. ಆದರೆ ಬದುವಿನ ಮರಗಳಿಂದ ಜಗತ್ತಿನ ವಿಮಾನಗಳನ್ನೆಲ್ಲ ಹಾರಿಸಲಾಗದು. ಅನ್ನಕ್ಕೆ ಕೈಯಿಡದೆ ದೊರೆಯುವ ಇಂಧನಕ್ಕೆ ಮಿತಿಯುಂಟು. ಆ ಮಿತಿಯನ್ನು ಒಪ್ಪಿಕೊಳ್ಳುವುದೇ ವಿವೇಕ.

ಇನ್ನು ಬೆಲೆಯ ಮಾತು. ಹಾರುವವರೇ ಕೊಡಲಿ ಎಂದು ಹೇಳಿಬಿಡುವುದು ಸುಲಭ. ಆದರೆ ಹಾರುವವರೆಲ್ಲ ಒಂದೇ ಬಗೆಯವರಲ್ಲ. ಹತ್ತು ವರ್ಷ ದುಡ್ಡು ಕೂಡಿಟ್ಟು ವಯಸ್ಸಾದ ತಾಯಿಯನ್ನು ಒಮ್ಮೆ ಕಾಶಿಗೆ ವಿಮಾನದಲ್ಲಿ ಕರೆದೊಯ್ಯುವ ಗುಮಾಸ್ತನಿದ್ದಾನೆ. ಬೆಳಿಗ್ಗೆ ಬೆಂಗಳೂರು, ಮಧ್ಯಾಹ್ನ ಮುಂಬಯಿ ಎಂದು ವಾರವಾರವೂ ತಿರುಗುವ ವ್ಯಾಪಾರಿಯೂ ಇದ್ದಾನೆ. ಬಲ್ಲಿದರು ಅರುವತ್ತು ಎಪ್ಪತ್ತು ವರ್ಷ ಹಾರಿದ ಮೇಲೆ, ಮಧ್ಯಮವರ್ಗದವನ ಸರದಿ ಬಂದಾಗ ಬಾಗಿಲು ಹಾಕುವುದು ಯಾವ ನೀತಿ? ಈ ಆಕ್ಷೇಪಣೆಯಲ್ಲಿ ಹುರುಳಿದೆ. ಆದರೆ ಇದರಿಂದ ಯಾರೂ ಕೊಡಬೇಕಾಗಿಲ್ಲವೆಂಬ ತೀರ್ಮಾನ ಹೊರಡುವುದಿಲ್ಲ. ಎಲ್ಲರೂ ಸಮನಾಗಿ ಕೊಡಬೇಕಾಗಿಲ್ಲವೆಂದು ಮಾತ್ರ ಹೊರಡುತ್ತದೆ. ಮೊದಲ ಪ್ರಯಾಣಕ್ಕೆ ಹಗುರವಾದ ಸುಂಕ, ಹತ್ತನೆಯದಕ್ಕೆ ಭಾರವಾದುದು, ನೂರನೆಯದಕ್ಕೆ ಇನ್ನೂ ಭಾರವಾದುದು ಎಂದು ಏಕಾಗಬಾರದು? ಹೊಸ ಇಂಧನಕ್ಕಾಗಿ ಪ್ರಯಾಣದ ದೂರವನ್ನೂ ಆಸನದ ದರ್ಜೆಯನ್ನೂ ನೋಡಿ ಸುಂಕ ಹಾಕುವುದಾಗಿ 2024ರಲ್ಲಿ ಸಿಂಗಪುರ ಪ್ರಕಟಿಸಿತು. ಅದು ಸರಿಯಾದ ದಿಕ್ಕಿನಲ್ಲಿ ಇಟ್ಟ ಹೆಜ್ಜೆ. ಹಾರಾಟದ ಸಂಖ್ಯೆಯನ್ನೂ ಎಣಿಸಿದರೆ ನ್ಯಾಯಕ್ಕೆ ಇನ್ನಷ್ಟು ಹತ್ತಿರವಾದೀತು.

ಇದಕ್ಕಿಂತ ಸೂಕ್ಷ್ಮವಾದ ಅಪಾಯ ಒಂದಿದೆ. ಯೂರೋಪಿನಲ್ಲಿ ಹಿಂದೆ ಹಣ ಕೊಟ್ಟು ಪಾಪಕ್ಷಮೆಯ ಚೀಟಿಯನ್ನು ಕೊಳ್ಳುವ ರೂಢಿಯಿತ್ತು; 1517ರಲ್ಲಿ ಮಾರ್ಟಿನ್ ಲೂಥರ್ ಅದನ್ನು ಪ್ರತಿಭಟಿಸಿದ. ಟಿಕೆಟ್ಟಿನ ಮೇಲೆ ಹಸುರು ಎಲೆಯ ಚಿತ್ರ ಕಂಡೊಡನೆ ‘ಇನ್ನು ಎಷ್ಟು ಹಾರಿದರೂ ದೋಷವಿಲ್ಲ’ ಎಂದು ಮನಸ್ಸು ಹಗುರವಾದರೆ, ಆ ಎಲೆಯೂ ಅಂಥ ಚೀಟಿಯೇ. ನೂರರಲ್ಲಿ ಎರಡು ಪಾಲು ಶುದ್ಧವಾಗಿ, ಹಾರಾಟ ನೂರರಿಂದ ನೂರಹತ್ತಕ್ಕೆ ಏರಿದರೆ, ಹೊಗೆ ಹೆಚ್ಚಿತೇ ಹೊರತು ತಗ್ಗಲಿಲ್ಲ. ಪ್ರಾಯಶ್ಚಿತ್ತದ ಅರ್ಥ ಖರ್ಚುಮಾಡುವುದಲ್ಲ, ನಡತೆಯನ್ನು ತಿದ್ದಿಕೊಳ್ಳುವುದು.

ಹಾಗಾದರೆ ವಿಮಾನವನ್ನೇ ಬಿಡಬೇಕೆ? ಗಾಂಧೀಜಿ 1909ರಲ್ಲಿ ‘ಹಿಂದ್ ಸ್ವರಾಜ್’ ಬರೆದಾಗ ರೈಲನ್ನು ಕಟುವಾಗಿ ಟೀಕಿಸಿದರು. ಅನಂತರ ದೇಶವನ್ನು ಸುತ್ತಿದ್ದು ರೈಲಿನಲ್ಲಿಯೇ. ಆದರೆ ಮೂರನೆಯ ದರ್ಜೆಯಲ್ಲಿ. ಇದನ್ನು ಮಾತಿಗೂ ಕೃತಿಗೂ ಇರುವ ವಿರೋಧವೆಂದು ಹಂಗಿಸಿದವರುಂಟು. ನನಗೆ ಹಾಗೆ ತೋರುವುದಿಲ್ಲ. ಬಿಡಲಾಗದ ವಸ್ತುವನ್ನು ಬಳಸುವಾಗಲೂ ಅದರ ದೋಷವನ್ನು ಮರೆಯದೆ, ತನಗೆ ಬೇಕಾದಷ್ಟನ್ನು ಮಾತ್ರ ತೆಗೆದುಕೊಳ್ಳುವ ರೀತಿ ಅದು. ಪರದೇಶದಲ್ಲಿರುವ ಮಗ ಹಾಸಿಗೆ ಹಿಡಿದ ತಂದೆಯನ್ನು ನೋಡಲು ಹಾರಿ ಬರಲಿ. ಒಂದು ಕಾಗದದಿಂದ ಮುಗಿಯುವ ಕೆಲಸಕ್ಕೆ, ಒಂದು ರಾತ್ರಿಯ ರೈಲಿನಲ್ಲಿ ತೀರುವ ದೂರಕ್ಕೆ ಹಾರುವ ಮುನ್ನ ಯೋಚಿಸೋಣ.

ಪಿತೃಋಣವನ್ನು ಪಿತೃಗಳಿಗೆ ತೀರಿಸಲಾಗದು, ಮಕ್ಕಳ ಮೂಲಕ ತೀರಿಸಬೇಕೆಂದು ನಮ್ಮ ಹಿರಿಯರು ತಿಳಿದಿದ್ದರು. ಆಕಾಶದ ಋಣವೂ ಅಂಥದೇ. ಹೊಸ ಎಣ್ಣೆ ಆ ಸಾಲದ ಒಂದು ಕಂತು. ಅದನ್ನು ಸಂತೋಷದಿಂದಲೇ ಕಟ್ಟೋಣ. ಕಟ್ಟಿದ ದಿನವೇ ಹೊಸ ಸಾಲಕ್ಕೆ ಕೈಯೊಡ್ಡದಿದ್ದರೆ ಆಯಿತು.