ಉಡಾಳರು ಎಷ್ಟು ಮಂದಿ?



ಹೇಳಿದ ಮಾತು ಕೇಳದ ಹುಡುಗನಿಗೆ ನಮ್ಮ ಕಡೆ ಇರುವುದು ಒಂದೇ ಹೆಸರು: ‘ಉಡಾಳ’. ಅಗಡಿಯಲ್ಲಾಗಲಿ, ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯಲ್ಲಾಗಲಿ, ಶಾಲೆ ತಪ್ಪಿಸಿ ಕೆರೆಯ ದಂಡೆಗೆ ಹೋದವನೂ ಉಡಾಳ, ತಾಯಿಗೆ ಎದುರು ಮಾತನಾಡಿದವನೂ ಉಡಾಳ, ಪರರ ಬಣವೆಗೆ ಬೆಂಕಿ ಇಟ್ಟವನೂ ಉಡಾಳ. ಹೆಸರು ಒಂದಾದ ಮೇಲೆ ಮದ್ದೂ ಒಂದೇ: ಬೆತ್ತ. ಇದು ಸತ್ಯವೇ? ಇದು ನ್ಯಾಯವೇ?

ಮೊದಲು ಸತ್ಯದ ಮಾತು. ವೈದ್ಯರು ನಡತೆಯ ಕಾಯಿಲೆ ಎಂದು ಗುರುತಿಸುವುದು ಒಂದು ದಿನದ ತಂಟೆಯನ್ನಲ್ಲ. ಜನರನ್ನೋ ಪ್ರಾಣಿಗಳನ್ನೋ ಹಿಂಸಿಸುವುದು, ಆಸ್ತಿ ಹಾಳು ಮಾಡುವುದು, ಸುಳ್ಳು ಮತ್ತು ಕಳ್ಳತನ, ಮನೆ ಬಿಟ್ಟು ಓಡಿಹೋಗುವಂತಹ ಗಂಭೀರ ನಿಯಮಭಂಗ - ಇಂಥವುಗಳಲ್ಲಿ ಮೂರಾದರೂ ಒಂದು ವರ್ಷದೊಳಗೆ ಕಂಡುಬಂದು, ಮತ್ತೆ ಮತ್ತೆ ಮರುಕಳಿಸಿ, ಮಗುವಿನ ಓದು ಮತ್ತು ಒಡನಾಟವನ್ನು ಕೆಡಿಸುತ್ತಿದ್ದರೆ ಮಾತ್ರ ಆ ಹೆಸರು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 10ರಿಂದ 14 ವರ್ಷದ ಮಕ್ಕಳಲ್ಲಿ ನೂರಕ್ಕೆ ಸುಮಾರು ಮೂರೂವರೆ, 15ರಿಂದ 19 ವರ್ಷದವರಲ್ಲಿ ನೂರಕ್ಕೆ ಸುಮಾರು ಎರಡು. ಆ ಲೆಕ್ಕದಲ್ಲಿ ಹತ್ತರಿಂದ ಹದಿನಾಲ್ಕರ 200 ಮಕ್ಕಳಿರುವ ಶಾಲೆಯಲ್ಲಿ ಸುಮಾರು ಏಳು ಮಂದಿ. ನಾವು ಉಡಾಳರೆಂದು ಕರೆಯುವವರು ಅಷ್ಟೇ ಮಂದಿಯೇ? ಉಳಿದವರು ಬೆಳೆಯುತ್ತಿರುವ ಮಕ್ಕಳು, ಅಷ್ಟೆ.

ನಮ್ಮ ರಾಜ್ಯದ್ದೇ ಒಂದು ಅಧ್ಯಯನವಿದೆ. ಬೆಂಗಳೂರಿನ ಮಧ್ಯಮ ವರ್ಗದ ಬಡಾವಣೆ, ಕೊಳೆಗೇರಿ ಮತ್ತು ಹಳ್ಳಿಗಳ 16 ವರ್ಷದವರೆಗಿನ 2,064 ಮಕ್ಕಳನ್ನು ಪರೀಕ್ಷಿಸಿ 2005ರಲ್ಲಿ ಪ್ರಕಟಿಸಿದ ವರದಿ ಅದು. ನೂರಕ್ಕೆ ಸುಮಾರು ಹನ್ನೆರಡೂವರೆ ಮಕ್ಕಳಿಗೆ ಒಂದಲ್ಲ ಒಂದು ಮಾನಸಿಕ ತೊಂದರೆಯಿತ್ತು. ನಾಲ್ಕು ವರ್ಷ ದಾಟಿದವರಲ್ಲಿ ಹೆಚ್ಚಾಗಿ ಕಂಡವು ಹಾಸಿಗೆ ಒದ್ದೆ ಮಾಡುವುದು, ಭಯ, ಅತಿ ಚಟುವಟಿಕೆ, ಉಗ್ಗು, ಮತ್ತು ಹಟ ಹಿಡಿದು ಎದುರುಬೀಳುವ ಸ್ವಭಾವ. ಆದರೆ ಮಗುವಿಗೆ ತೊಂದರೆಯಿದೆ ಎಂದು ಗುರುತಿಸಿದ್ದ ಕುಟುಂಬಗಳು ಶೇಕಡ 37.5 ಮಾತ್ರ. ಎಂದರೆ, ಕಾಯಿಲೆ ಇಲ್ಲದವನಿಗೆ ಊರು ಹೆಸರಿಡುತ್ತದೆ; ಇರುವವನ ನೋವು ಮನೆಯವರಿಗೇ ಕಾಣುವುದಿಲ್ಲ.

ಈಗ ನ್ಯಾಯದ ಮಾತು. “ಫಾದರ್, ಅದು ಕಾಯಿಲೆ ಎಂದಮೇಲೆ ಅವನದು ತಪ್ಪೇ ಅಲ್ಲವೇ? ಬಣವೆ ಸುಟ್ಟುಕೊಂಡವನ ಗತಿಯೇನು?” ಎಂದು ಯಾರಾದರೂ ಕೇಳಿದರೆ ಅದು ಸರಿಯಾದ ಪ್ರಶ್ನೆಯೇ. ವರ್ಷವಿಡೀ ದನಗಳಿಗೆ ಬೇಕಾದ ಮೇವು ಬೂದಿಯಾದ ರೈತನಿಗೆ ‘ಪಾಪ, ಹುಡುಗ’ ಎಂದು ಹೇಳಿ ಕಳಿಸುವುದು ಕರುಣೆಯಲ್ಲ.

ಇಲ್ಲಿ ಎರಡು ಪ್ರಶ್ನೆಗಳನ್ನು ಬೇರೆಬೇರೆಯಾಗಿ ಇಡಬೇಕು. ನಡೆದ ಕೆಲಸ ಕೆಟ್ಟದ್ದೇ ಎಂಬುದು ಒಂದು. ಮಾಡಿದವನ ಹೊಣೆ ಎಷ್ಟು ಎಂಬುದು ಇನ್ನೊಂದು. 1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥವು ಅಜ್ಞಾನ, ಒತ್ತಾಯ, ಭಯ, ರೂಢಿ ಮತ್ತು ಮಾನಸಿಕ, ಸಾಮಾಜಿಕ ಕಾರಣಗಳಿಂದ ಮನುಷ್ಯನ ಹೊಣೆ ಕಡಿಮೆಯಾಗಬಹುದು, ಇಲ್ಲವಾಗಲೂಬಹುದು ಎಂದು ಕಲಿಸುತ್ತದೆ. ಕೆಲಸ ಒಳ್ಳೆಯದಾಗುತ್ತದೆ ಎಂದು ಅದು ಹೇಳುವುದಿಲ್ಲ. ಸಂತ ಅಗಸ್ಟೀನರು ಹದಿನಾರರ ವಯಸ್ಸಿನಲ್ಲಿ ಗೆಳೆಯರೊಡನೆ ನೆರೆಯವರ ಹಣ್ಣು ಕದ್ದರು. ಹಸಿವಿಗಾಗಿ ಅಲ್ಲ, ಕದಿಯುವ ಖುಷಿಗಾಗಿ. ಅದು ಕಾಯಿಲೆಯೂ ಅಲ್ಲ, ನಿರ್ದೋಷವೂ ಅಲ್ಲ. ಅವರೇ ಅದನ್ನು ಪಾಪವೆಂದು ಬರೆದಿಟ್ಟರು. ಇನ್ನೊಬ್ಬ ಹುಡುಗ ಅದೇ ಕೆಲಸವನ್ನು ಕುಡುಕ ತಂದೆಯ ಹೊಡೆತದ ನಡುವೆ, ತನ್ನನ್ನು ತಡೆದುಕೊಳ್ಳಲಾಗದ ಸ್ಥಿತಿಯಲ್ಲಿ ಮಾಡಿದರೆ ಹೊಣೆಯ ತೂಕ ಒಂದೇ ಆಗುವುದಿಲ್ಲ. ಆ ತೂಕವನ್ನು ಪೂರ್ಣವಾಗಿ ಬಲ್ಲವನು ದೇವರೊಬ್ಬನೇ.

ಹಾಗಾದರೆ ಶಿಸ್ತು ಬೇಡವೇ? ಬೇಕು. ಹೊಣೆ ಕಡಿಮೆಯಾದವನಿಗೆ ಹೊಣೆ ಹೊರುವುದನ್ನು ಕಲಿಸುವುದೇ ಶಿಸ್ತು. ತಂದೆ ಮಗನನ್ನು ಕರೆದುಕೊಂಡು ಬಣವೆಯ ಯಜಮಾನನ ಮನೆಗೆ ಹೋಗಲಿ. ಇಬ್ಬರೂ ಕ್ಷಮೆ ಕೇಳಲಿ, ಮೇವಿನ ನಷ್ಟ ತುಂಬಿಕೊಡಲಿ. ನೊಂದವನಿಗೆ ಅದು ನ್ಯಾಯ, ಹುಡುಗನಿಗೆ ಅದೇ ಚಿಕಿತ್ಸೆಯ ಆರಂಭ.

ಬೆತ್ತದ ಮಾತೇ ಬೇರೆ. ‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ’ ಎನ್ನುತ್ತೇವೆ, ನಿಜ. ಆದರೆ ಗಿಡವನ್ನು ಬಗ್ಗಿಸುವುದು ಬೇರೆ, ಮುರಿಯುವುದು ಬೇರೆ. ಮೇಲೆ ಹೇಳಿದ ಅಧ್ಯಯನದಲ್ಲಿ ಮಕ್ಕಳ ಮಾನಸಿಕ ತೊಂದರೆಯ ಜೊತೆಜೊತೆಗೇ ಕಂಡುಬಂದ ಎರಡು ಸಂಗತಿಗಳು ದೈಹಿಕ ಹಿಂಸೆ ಮತ್ತು ಹೆತ್ತವರ ಮಾನಸಿಕ ಕಾಯಿಲೆ. ಹೊಡೆತದಿಂದ ಕಾಯಿಲೆಯೋ, ಕಾಯಿಲೆಯಿಂದ ಹೊಡೆತವೋ ಎಂಬುದನ್ನು ಇಷ್ಟರಿಂದಲೇ ಹೇಳಲಾಗದು. ಆದರೆ ಹೊಡೆತದಿಂದ ವಾಸಿಯಾಗುತ್ತದೆ ಎನ್ನಲು ಅಲ್ಲಿ ಆಧಾರವಿಲ್ಲ. ಶಾಲೆಗಳಲ್ಲಿ ಹೊಡೆಯುವುದನ್ನು 2009ರ ಶಿಕ್ಷಣ ಹಕ್ಕು ಕಾಯ್ದೆ ನಿಷೇಧಿಸಿದೆ. ಸಂತ ಪೌಲರು ಎಫೆಸದವರಿಗೆ ಬರೆದ ಪತ್ರದಲ್ಲಿ ಮಕ್ಕಳಿಗೆ ವಿಧೇಯತೆ ಬೋಧಿಸಿ ಅಲ್ಲಿಗೇ ನಿಲ್ಲುವುದಿಲ್ಲ; ಮಕ್ಕಳನ್ನು ರೇಗಿಸಬೇಡಿ ಎಂದು ತಂದೆಯರನ್ನೂ ಎಚ್ಚರಿಸುತ್ತಾರೆ. 1841ರಲ್ಲಿ ಗುರುದೀಕ್ಷೆ ಪಡೆದ ಸಂತ ಜಾನ್ ಬೋಸ್ಕೊ ಟ್ಯೂರಿನ್ ನಗರದ ಸೆರೆಮನೆಗಳಲ್ಲಿ ಹುಡುಗರನ್ನು ಕಂಡ ಮೇಲೆ ಆರಿಸಿಕೊಂಡ ಮಾರ್ಗವೂ ದಂಡನೆಯದ್ದಲ್ಲ; ತಪ್ಪು ನಡೆಯುವ ಮೊದಲೇ ಮಕ್ಕಳ ಜೊತೆಯಲ್ಲಿರುವುದು.

ಆದ್ದರಿಂದ ಒಂದೆರಡು ತಂಟೆಗೆ ಹೆದರಬೇಡಿ, ತಿದ್ದಿರಿ, ಜೊತೆಗಿರಿ. ತಿಂಗಳುಗಟ್ಟಲೆ ಹಿಂಸೆ, ಕಳ್ಳತನ, ಓಡಿಹೋಗುವುದು ನಡೆದರೆ ನಾಚಿಕೆಪಟ್ಟು ಮುಚ್ಚಿಡಬೇಡಿ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ನಮ್ಮ ಜಿಲ್ಲೆಗೂ ಇದೆ, ಧಾರವಾಡದ ಡಿಮ್ಹಾನ್ಸ್ ಆಸ್ಪತ್ರೆ ದೂರವಿಲ್ಲ, 2022ರಲ್ಲಿ ಆರಂಭವಾದ ಟೆಲಿ ಮಾನಸ್ ದೂರವಾಣಿ 14416ರಲ್ಲಿ ಉಚಿತವಾಗಿ ಸಲಹೆ ಸಿಗುತ್ತದೆ. ಜ್ವರ ಬಂದ ಮಗುವನ್ನು ವೈದ್ಯರಲ್ಲಿಗೆ ಒಯ್ಯುವಾಗ ನಮ್ಮ ಪ್ರಾರ್ಥನೆಯೇನೂ ನಿಲ್ಲುವುದಿಲ್ಲ. ಇಲ್ಲಿಯೂ ಹಾಗೆಯೇ.

ಮಗುವಿಗೆ ಜ್ಞಾನಸ್ನಾನದಲ್ಲಿ ನಾವು ಒಂದು ಹೆಸರು ಕೊಟ್ಟಿದ್ದೇವೆ. ಅವನು ತಪ್ಪು ಮಾಡಿದ ದಿನವೂ ಆ ಹೆಸರಿನಿಂದಲೇ ಕರೆಯೋಣ.