ನಾನು ಬರೆದುಕೊಟ್ಟ ಮುಚ್ಚಳಿಕೆ

ಮೂವತ್ತೊಂದು ವರ್ಷ ಕನ್ನಡ ಪಾಠ ಮಾಡಿ ನಿವೃತ್ತನಾದವನು ನಾನು. ಕಾಲೇಜಿನಲ್ಲಿ ಕನ್ನಡ ಮೇಷ್ಟ್ರು ಎಂದರೆ ಪಾಠಕ್ಕಿಂತ ಹೆಚ್ಚಾಗಿ ಬರೆದುಕೊಡುವ ಆಸಾಮಿ. ಆಹ್ವಾನ ಪತ್ರಿಕೆ, ಬೀಳ್ಕೊಡುಗೆಯ ಬಿನ್ನವತ್ತಳೆ, ಶಾಸಕರಿಗೆ ಕೊಠಡಿ ಕೇಳುವ ಮನವಿ, ಯಾರೋ ತೀರಿಕೊಂಡಾಗ ಸಂತಾಪ ಸೂಚನೆ, ಎಲ್ಲವೂ ನಮ್ಮ ಮೇಜಿಗೇ ಬರುತ್ತವೆ. ಹಾಗೆ ಬರೆದುಕೊಟ್ಟದ್ದರಲ್ಲಿ ಬಹುಪಾಲು ಮರೆತುಹೋಗಿದೆ. ಒಂದು ಮಾತ್ರ ಪದಪದವೂ ನೆನಪಿದೆ. ಹನ್ನೊಂದು ಸಾಲಿನ ಕಾಗದ ಅದು.

2003ರ ಮಳೆಗಾಲ. ಒಂದು ತಾಲ್ಲೂಕು ಕೇಂದ್ರದ ಪದವಿಪೂರ್ವ ಕಾಲೇಜು. ಊರು, ಹೆಸರು ಹೇಳುವುದಿಲ್ಲ. ಒಂದೆರಡು ವಿವರಗಳನ್ನು ಬದಲಿಸಿಯೂ ಇದ್ದೇನೆ. ಆ ಹುಡುಗಿ ಇವತ್ತು ಎಲ್ಲೋ ತನ್ನ ಪಾಡಿಗೆ ಬದುಕಿಕೊಂಡಿರಬಹುದು. ನನ್ನ ಪಾಪನಿವೇದನೆಗೆ ಅವಳ ನೆಮ್ಮದಿ ಬಲಿಯಾಗಬಾರದು.

ನಮ್ಮಲ್ಲಿ ಭೌತಶಾಸ್ತ್ರದ ಉಪನ್ಯಾಸಕರೊಬ್ಬರಿದ್ದರು. ಪಾಠದಲ್ಲಿ ಅವರನ್ನು ಮೀರಿಸುವವರಿರಲಿಲ್ಲ. ಬಡ ಮಕ್ಕಳಿಗೆ ಮನೆಯಲ್ಲೇ ದುಡ್ಡಿಲ್ಲದೆ ಟ್ಯೂಷನ್ ಹೇಳುತ್ತಿದ್ದರು. ಸಂಜೆ ಹಳ್ಳಿಯ ಬಸ್ಸು ತಪ್ಪಿಸಿಕೊಂಡವರನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಬಿಟ್ಟುಬರುತ್ತಿದ್ದರು. ಅಂಥವರಿಂದಲೇ ವೃತ್ತಿಯ ಮರ್ಯಾದೆ ಉಳಿದಿದೆ ಎಂದು ಸ್ಟಾಫ್ ರೂಮಿನಲ್ಲಿ ಮಾತಾಡಿಕೊಳ್ಳುತ್ತಿದ್ದೆವು. ಆ ಮಾತನ್ನು ಆಡಿದವರಲ್ಲಿ ನಾನೂ ಒಬ್ಬ. ಒಂದು ಮಧ್ಯಾಹ್ನ ದ್ವಿತೀಯ ಪಿಯುಸಿಯ ಹುಡುಗಿಯೊಬ್ಬಳ ತಾಯಿ ಪ್ರಿನ್ಸಿಪಾಲರ ಕೊಠಡಿಗೆ ಬಂದರು. ಕೂತುಕೊಳ್ಳಿ ಎಂದರೂ ಕೂರಲಿಲ್ಲ. ಹೇಳಬೇಕಾದ್ದನ್ನು ನಾಲ್ಕೈದು ಮಾತಿನಲ್ಲಿ ಹೇಳಿ, ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಬಾಗಿಲ ಬಳಿಯೇ ನಿಂತರು. ಅವರು ಹೇಳಿದ್ದನ್ನು ಇಲ್ಲಿ ಬರೆಯುವ ಹಕ್ಕು ನನಗಿಲ್ಲ.

ಮಾರನೆಯ ದಿನ ಐದು ಜನ ಸೇರಿದೆವು. ಪ್ರಿನ್ಸಿಪಾಲರು, ಇಬ್ಬರು ಹಿರಿಯ ಉಪನ್ಯಾಸಕರು, ಕಾಲೇಜು ಅಭಿವೃದ್ಧಿ ಸಮಿತಿಯ ಒಬ್ಬ ಸದಸ್ಯರು, ನಾನು. ಐವರೂ ಗಂಡಸರು. ಆ ಉಪನ್ಯಾಸಕರನ್ನು ಕರೆಸಿದಾಗ ಅವರು ಹೇಳಿದ ಮೊದಲ ಮಾತು, ‘ಅವಳು ನನ್ನ ಮಗಳಿದ್ದ ಹಾಗೆ ಸಾರ್.’ ನಿಜ ಹೇಳಬೇಕೆಂದರೆ ಆ ಮಾತು ಕೇಳಿ ನಮಗೆಲ್ಲ ಹಾಯೆನಿಸಿತು. ಆಮೇಲೆ ಅವರು ಅತ್ತರು. ನಾವು ಕಾಫಿ ತರಿಸಿದೆವು. ಕೊನೆಗೆ ತೀರ್ಮಾನವಾಯಿತು: ಒಂದು ಮುಚ್ಚಳಿಕೆ ಬರೆದುಕೊಡಬೇಕು, ಕೋರಿಕೆ ವರ್ಗಾವಣೆಗೆ ಅರ್ಜಿ ಹಾಕಬೇಕು. ‘ಮೇಷ್ಟ್ರೇ, ನೀವೊಂದು ಚೆನ್ನಾಗಿ ಬರೆದುಬಿಡಿ’ ಎಂದರು ಪ್ರಿನ್ಸಿಪಾಲರು. ಬರೆದೆ.

ಆ ಹನ್ನೊಂದು ಸಾಲಿನ ನಡುವಿನ ವಾಕ್ಯ ಇದು: ‘ನನ್ನಿಂದ ಅಚಾತುರ್ಯವಾಗಿ ನಡೆದಿರಬಹುದಾದ ವರ್ತನೆಯಿಂದ ಸದರಿ ವಿದ್ಯಾರ್ಥಿನಿಯ ಮನಸ್ಸಿಗೆ ನೋವುಂಟಾಗಿದ್ದಲ್ಲಿ ಅದಕ್ಕಾಗಿ ವಿಷಾದಿಸುತ್ತೇನೆ.’ ಅಚಾತುರ್ಯ ಎಂದರೆ ಚಾತುರ್ಯ ಇಲ್ಲದಿರುವುದು. ಮಾಡಿದ್ದು ತಪ್ಪಲ್ಲ, ಜಾಣತನದಿಂದ ಮಾಡಲಿಲ್ಲ ಅಷ್ಟೆ ಎಂದ ಹಾಗಾಯಿತು. ‘ನಡೆದಿರಬಹುದಾದ’, ‘ಉಂಟಾಗಿದ್ದಲ್ಲಿ’ ಎಂಬೆರಡು ಪದಗಳು ಸೇರಿ, ನಡೆದದ್ದೇ ಅನುಮಾನ ಎಂಬಂತೆ ಮಾಡಿದವು. ಕರ್ತರಿ, ಕರ್ಮಣಿ ಪ್ರಯೋಗಗಳನ್ನು ವರ್ಷವಿಡೀ ಕಲಿಸುವವನಿಗೆ ಕರ್ತೃವನ್ನು ಎಲ್ಲಿ ಅಡಗಿಸಬೇಕೆಂದು ಗೊತ್ತಿರುತ್ತದೆ. ಮುಚ್ಚಳಿಕೆ ಎಂಬ ಪದ ನಮಗೆ ಬೇರೆ ಭಾಷೆಯಿಂದ ಬಂದದ್ದು, ಮುಚ್ಚುವುದಕ್ಕೂ ಮುಚ್ಚಳಕ್ಕೂ ಅದಕ್ಕೂ ನಂಟಿಲ್ಲ ಎಂದು ತರಗತಿಯಲ್ಲಿ ಹೇಳುತ್ತಿದ್ದೆ. ಆ ದಿನದ ಮೇಲೆ ಹೇಳಲಿಲ್ಲ.

ಮುಂದೇನಾಯಿತು? ಆ ಉಪನ್ಯಾಸಕರಿಗೆ ಬೇರೆ ಜಿಲ್ಲೆಗೆ ವರ್ಗವಾಯಿತು. ಸೇವಾ ಪುಸ್ತಕದಲ್ಲಿ ‘ಸ್ವಂತ ಕೋರಿಕೆಯ ಮೇರೆಗೆ’ ಎಂದಿತ್ತು. ಹುಡುಗಿಯೂ ಕಾಲೇಜು ಬಿಟ್ಟಳು. ಅವಳಿಗೆ ಕಚೇರಿಯಿಂದ ಕೊಟ್ಟ ಕಾಗದದ ಹೆಸರೂ ವರ್ಗಾವಣೆ ಪ್ರಮಾಣಪತ್ರವೇ. ಅದರಲ್ಲಿ ‘ನಡತೆ’ ಎಂಬ ಕಲಮು ಇರುತ್ತದೆ. ಗುಮಾಸ್ತರು ‘ಉತ್ತಮ’ ಎಂದು ತುಂಬಿದ್ದರು. ಅವರ ಸೇವಾ ಪುಸ್ತಕದ ಆ ನಮೂದಿನ ಪಕ್ಕದಲ್ಲಿ ನಡತೆಯ ಮಾತೇ ಇರಲಿಲ್ಲ. ಅವರು ಹೋದ ಕಾಲೇಜಿನಲ್ಲೂ ಹೆಣ್ಣುಮಕ್ಕಳಿದ್ದರು. ಅಲ್ಲಿ ಏನಾದರೂ ನಡೆಯಿತೇ ಎಂಬುದು ನನಗೆ ಗೊತ್ತಿಲ್ಲ. ಗೊತ್ತಾಗದ ಹಾಗೆ ನೋಡಿಕೊಂಡೆ ಎನ್ನುವುದು ಹೆಚ್ಚು ಸರಿ.

ನಾವು ಐವರೂ ಕೆಟ್ಟವರಾಗಿರಲಿಲ್ಲ. ಇದನ್ನು ಸಮರ್ಥನೆಗೆ ಹೇಳುತ್ತಿಲ್ಲ, ನನ್ನನ್ನು ಕಾಡುವುದೇ ಇದು. ಹುಡುಗಿಯ ಮದುವೆಗೆ ತೊಂದರೆಯಾದೀತು ಎಂದೆವು. ಅವರ ಮನೆಯಲ್ಲೂ ಇಬ್ಬರು ಚಿಕ್ಕ ಮಕ್ಕಳಿದ್ದಾರೆ ಎಂದೆವು. ಕಾಲೇಜಿನ ಹೆಸರು ಕೆಟ್ಟರೆ ಹಳ್ಳಿಯವರು ಹೆಣ್ಣುಮಕ್ಕಳನ್ನು ಓದಿಗೇ ಕಳಿಸುವುದಿಲ್ಲ ಎಂದೆವು. ಒಂದೊಂದರಲ್ಲೂ ಒಂದು ಗುಟುಕು ಕರುಣೆ ಇತ್ತು. ಆದರೆ ಎರಡು ಗಂಟೆಯ ಆ ಸಭೆಯಲ್ಲಿ ಹುಡುಗಿಗೆ ಏನು ಬೇಕು ಎಂದು ಕೇಳೋಣ ಎಂಬ ಮಾತು ಒಬ್ಬರ ಬಾಯಿಂದಲೂ ಬರಲಿಲ್ಲ.

ಮನುಸ್ಮೃತಿಯಿಂದ ನೀತಿ ಕಲಿಯುವ ಆಸೆ ನನಗಿಲ್ಲ. ಆದರೂ ಧರ್ಮಶಾಸ್ತ್ರಗಳು ಹೇಳುವ ಪಂಚ ಮಹಾಪಾತಕಗಳ ಪಟ್ಟಿ ಎರಡು ಕಾರಣಕ್ಕೆ ನನ್ನನ್ನು ಹಿಡಿದು ನಿಲ್ಲಿಸಿದೆ. ಬ್ರಹ್ಮಹತ್ಯೆ, ಸುರಾಪಾನ, ಕಳವು ಇವುಗಳ ಜೊತೆಗೆ ಬರುವ ನಾಲ್ಕನೆಯದು ಗುರುತಲ್ಪಗಮನ, ಅಂದರೆ ಶಿಷ್ಯ ಗುರುವಿನ ಹಾಸಿಗೆಯನ್ನು ಕೆಡಿಸುವುದು. ಗುರು ಶಿಷ್ಯರಿಗೆ ಮಾಡುವ ದ್ರೋಹ ಆ ಐದರಲ್ಲಿ ಇಲ್ಲ. ಕಾಪಾಡಬೇಕಾದದ್ದು ಗುರುವಿನ ಮನೆ. ಅಪಾಯ ಬರುವುದು ಶಿಷ್ಯನಿಂದ. ನಮ್ಮ ಸ್ಟಾಫ್ ರೂಮು ಇವತ್ತಿಗೂ ಯೋಚಿಸುವುದು ಹೆಚ್ಚುಕಡಿಮೆ ಹಾಗೆಯೇ. ಎರಡನೆಯ ಕಾರಣ ಐದನೆಯ ಪಾತಕ. ಮೊದಲ ನಾಲ್ಕನ್ನು ಮಾಡಿದವರ ಜೊತೆ ಸಂಸರ್ಗ ಇಟ್ಟುಕೊಳ್ಳುವುದು ಅದು. ಕೂತು ಉಂಡವನೂ ಪಾಲುದಾರ. ನಾವು ಆ ದಿನ ಕಾಫಿ ತರಿಸಿದ್ದೆವು.

ಮಗಳಿದ್ದ ಹಾಗೆ ಎಂಬ ಮಾತಿಗೆ ಮತ್ತೆ ಬರುತ್ತೇನೆ. ಮಹಾಭಾರತದ ಆದಿಪರ್ವದಲ್ಲಿ ಕಚ, ದೇವಯಾನಿಯರ ಕಥೆ ಇದೆ. ಶುಕ್ರಾಚಾರ್ಯನ ಹೊಟ್ಟೆಯಿಂದ ಹೊರಬಂದವನಾದ್ದರಿಂದ ಗುರುಪುತ್ರಿ ತನಗೆ ತಂಗಿಯಾಗಬೇಕು ಎಂದು ಕಚ ಅವಳನ್ನು ಮದುವೆಯಾಗಲು ಒಪ್ಪುವುದಿಲ್ಲ. ಅದರ ಬೆಲೆಯಾಗಿ, ಅಷ್ಟು ಕಷ್ಟಪಟ್ಟು ಕಲಿತ ಸಂಜೀವಿನಿ ತನಗೆ ಫಲಿಸದಿರಲಿ ಎಂಬ ಶಾಪವನ್ನೂ ಹೊರುತ್ತಾನೆ. ಅಲ್ಲಿ ನಂಟಿನ ಹೆಸರು ಒಂದು ಬಾಗಿಲನ್ನು ಮುಚ್ಚುತ್ತದೆ. ನಮ್ಮ ಸಹೋದ್ಯೋಗಿಗೆ ಅದೇ ನಂಟಿನ ಹೆಸರು ಬಾಗಿಲು ತೆರೆಸುವ ಕೀಲಿಯಾಗಿತ್ತು. ಮಗಳಿದ್ದ ಹಾಗೆ ಎಂದ ಮೇಲೆ ಮನೆಗೆ ಕರೆಯಬಹುದು, ತಲೆ ನೇವರಿಸಬಹುದು, ಹೊತ್ತು ಮೀರಿದ ಮೇಲೂ ಕೂರಿಸಿಕೊಳ್ಳಬಹುದು. ವಿದ್ಯಾರ್ಥಿನಿ ವಿದ್ಯಾರ್ಥಿನಿಯ ಹಾಗೆ ಇದ್ದರೆ ಸಾಲದೇ? ಮಗಳೇ ಏಕಾಗಬೇಕು?

‘ಅವಳೂ ಒಪ್ಪಿದ್ದಳು’ ಎಂಬ ಇನ್ನೊಂದು ವಾದವಿದೆ. ಕಾಲೇಜಿನ ಮಕ್ಕಳ ವಿಷಯದಲ್ಲಿ, ಅದರಲ್ಲೂ ಹದಿನೆಂಟು ದಾಟಿದವರ ವಿಷಯದಲ್ಲಿ ಇದನ್ನು ಬಹಳ ಕೇಳಿದ್ದೇನೆ. ಇದಕ್ಕೆ ಉತ್ತರ ನಮ್ಮ ಭಾಷೆಯಲ್ಲೇ ಇದೆ. ನಾವು ಅವರಿಗೆ ‘ನೀನು’ ಎನ್ನುತ್ತೇವೆ, ಅವರು ನಮಗೆ ‘ನೀವು’ ಎನ್ನುತ್ತಾರೆ. ‘ನೀವು’ ಎನ್ನುವವರಿಗೆ ‘ನೀನು’ ಎಂದು ತಿರುಗಿಸುವ ಹಕ್ಕಿಲ್ಲ. ಆ ‘ನೀವು’ವಿನ ಹಿಂದೆ ಪ್ರಾಕ್ಟಿಕಲ್ ಅಂಕವಿದೆ, ಹಾಜರಾತಿಯಿದೆ, ಅದಕ್ಕಿಂತ ಹೆಚ್ಚಾಗಿ ‘ಇವರು ನನ್ನನ್ನು ಜಾಣೆ ಎಂದುಕೊಂಡಿದ್ದಾರೆ’ ಎಂಬ ಹುಡುಗಿಯ ಹೆಮ್ಮೆಯಿದೆ. ಇಲ್ಲ ಎಂದರೆ ಇಷ್ಟೂ ಹೋಗುತ್ತದೆ ಎಂದು ಗೊತ್ತಿದ್ದವಳು ಹೂಂ ಎಂದರೆ, ಅದನ್ನು ಒಪ್ಪಿಗೆ ಎನ್ನಲು ಬಾಯಿ ಬರಬೇಕಲ್ಲ. ಕಾನೂನಿಗೆ ವಯಸ್ಸಿನ ಗೆರೆ ಬೇಕು, ಎಳೆದಿದೆ. ಆದರೆ ಹದಿನೆಂಟು ತುಂಬಿದ ಬೆಳಗ್ಗೆ ‘ನೀವು’ ಇದ್ದದ್ದು ‘ನೀನು’ ಆಗುವುದಿಲ್ಲ.

ಇಷ್ಟು ಹೇಳಿದ ಮೇಲೆ ನನ್ನದೇ ಒಂದು ಸಂಗತಿ ಹೇಳದಿದ್ದರೆ ಅಪ್ರಾಮಾಣಿಕತೆಯಾದೀತು. ಅದಕ್ಕೆ ಐದಾರು ವರ್ಷ ಮೊದಲು ಕವಿತೆ ಬರೆಯುವ ಹುಡುಗಿಯೊಬ್ಬಳು ವಾರಕ್ಕೊಮ್ಮೆ ನೋಟ್ ಪುಸ್ತಕ ತಂದು ಕೊಡುತ್ತಿದ್ದಳು. ನಾನು ಅಂಚಿನಲ್ಲಿ ಟಿಪ್ಪಣಿ ಬರೆಯುತ್ತಿದ್ದೆ. ಟಿಪ್ಪಣಿಗಳು ಉದ್ದವಾದವು. ರಜೆಯಲ್ಲಿ ಅವಳೊಂದು ಕಾಗದ ಬರೆದಳು, ನಾನು ಎರಡು ಹಾಳೆಯ ಉತ್ತರ ಬರೆದು ಲಕೋಟೆಗೆ ಹಾಕುವ ಮೊದಲು ಮೇಜಿನ ಮೇಲಿಟ್ಟಿದ್ದೆ. ನನ್ನ ಹೆಂಡತಿ ಓದಿದಳು. ಜಗಳವಾಡಲಿಲ್ಲ. ‘ಇದೇ ಕಾಗದಾನ ಒಬ್ಬ ಹುಡುಗ ಕವಿತೆ ಬರೆದಿದ್ರೆ ಅವನಿಗೂ ಬರೀತಿದ್ರಾ?’ ಎಂದು ಕೇಳಿ ಒಳಗೆ ಹೋದಳು. ಆ ಹಾಳೆಗಳಲ್ಲಿ ಅಸಭ್ಯವಾದದ್ದು ಒಂದಕ್ಷರವೂ ಇರಲಿಲ್ಲ. ಆದರೆ ಹುಡುಗನಿಗೆ ನಾನು ಅದನ್ನು ಬರೆಯುತ್ತಿರಲಿಲ್ಲ. ಹರಿದು ಹಾಕಿ, ಕವಿತೆಯ ಬಗ್ಗೆ ಮಾತ್ರ ಆರು ಸಾಲು ಬರೆದು ಅಂಚೆಗೆ ಹಾಕಿದೆ.

ನನ್ನನ್ನು ಅವತ್ತು ತಡೆದದ್ದು ನನ್ನ ಸದ್ಗುಣವಲ್ಲ, ಮೇಜಿನ ಮೇಲೆ ತೆರೆದು ಬಿದ್ದಿದ್ದ ಹಾಳೆ. ಹೊಗಳಿಕೆಯ ಕಣ್ಣುಗಳ ಎದುರು ದಿನಕ್ಕೆ ನಾಲ್ಕು ಗಂಟೆ ನಿಲ್ಲುವ ವೃತ್ತಿ ನಮ್ಮದು. ಪ್ರೀತಿಯಿಲ್ಲದೆ ಪಾಠ ಹತ್ತುವುದಿಲ್ಲ. ಆ ಪ್ರೀತಿ ಯಾವಾಗ ತಿರುಗಿತು ಎಂಬುದು ಒಳಗಿರುವವನಿಗೆ ಕೊನೆಗೆ ತಿಳಿಯುತ್ತದೆ. ಹಾಗಾಗಿ ಗೆರೆಗಳು ಕೆಟ್ಟವರಿಗಾಗಿ ಎಂದು ನಾನು ಈಗ ನಂಬುವುದಿಲ್ಲ. ತನ್ನ ಮೇಲೆ ತನಗೆ ಬಹಳ ನಂಬಿಕೆಯಿರುವ ಮೇಷ್ಟ್ರಿಗೇ ಅವು ಹೆಚ್ಚು ಬೇಕು. ಬಾಗಿಲು ತೆರೆದಿಟ್ಟು ಮಾತಾಡುವುದು, ಒಬ್ಬರನ್ನೇ ಮನೆಗೆ ಕರೆಯದಿರುವುದು, ರಾತ್ರಿ ಮೆಸೇಜು ಮಾಡದಿರುವುದು. ಕೇಳಲಿಕ್ಕೆ ಸಪ್ಪೆ.

ಸುಳ್ಳು ದೂರು ಬಂದರೆ ಎಂಬ ಭಯ ನನ್ನ ಗೆಳೆಯರಲ್ಲಿ ದೊಡ್ಡದು. ಅದನ್ನು ನಾನು ಹಗುರಾಗಿ ಕಾಣುವುದಿಲ್ಲ. ನವೋದಯ ವಿದ್ಯಾಲಯದ ಶಿಕ್ಷಕರೊಬ್ಬರ ಪ್ರಕರಣದಲ್ಲಿ 1996ರಲ್ಲಿ ಸುಪ್ರೀಂ ಕೋರ್ಟು, ಬಾಲಕಿಯನ್ನು ಪಾಟೀಸವಾಲಿಗೆ ಒಡ್ಡುವ ಪೂರ್ಣ ಇಲಾಖಾ ವಿಚಾರಣೆ ಇಲ್ಲದೆಯೇ ಅವರನ್ನು ಕೆಲಸದಿಂದ ತೆಗೆದದ್ದನ್ನು ಎತ್ತಿಹಿಡಿಯಿತು. ಮಗುವನ್ನು ಕಾಪಾಡುವುದಕ್ಕಾಗಿ ಆರೋಪಿಯ ಹಕ್ಕಿನಲ್ಲಿ ಸ್ವಲ್ಪ ಕಡಿಮೆಯಾಯಿತಲ್ಲ ಎಂದು ಆ ತೀರ್ಪಿನ ಬಗ್ಗೆ ಓದಿದಾಗ ನನಗೂ ಅನಿಸಿತು. ಈಗಲೂ ಆ ಪ್ರಶ್ನೆ ಪೂರ್ತಿ ಬಗೆಹರಿದಿಲ್ಲ. ಆದರೆ ಅಲ್ಲಿ ಕೊನೆಪಕ್ಷ ಒಂದು ವಿಚಾರಣೆ ನಡೆದಿತ್ತು, ಕಾರಣಗಳು ದಾಖಲಾಗಿದ್ದವು. ನಮ್ಮ ಐವರ ಪಂಚಾಯಿತಿಯಲ್ಲಿ ಏನಿತ್ತು? ಒಂದು ಪಕ್ಷ ಆ ಉಪನ್ಯಾಸಕರು ನಿರಪರಾಧಿಯಾಗಿದ್ದರೆ, ವಿಚಾರಿಸದೆ ಅವರ ಕೈಯಲ್ಲಿ ಕ್ಷಮಾಪಣೆ ಬರೆಸಿ ಊರು ಬಿಡಿಸಿದೆವು. ಅಪರಾಧಿಯಾಗಿದ್ದರೆ ಹೊಸ ತರಗತಿ ಕೊಡಿಸಿದೆವು. ರಾಜಿ ಎಂಬುದು ಇಬ್ಬರಿಗೂ ಅನ್ಯಾಯ ಮಾಡಬಲ್ಲ ಏಕೈಕ ಏರ್ಪಾಡು.

ಈಗ ಕಾನೂನು ಬದಲಾಗಿದೆ. ಪೋಕ್ಸೊ ಕಾಯ್ದೆ 2012ರಲ್ಲಿ ಬಂತು. ಹದಿನೆಂಟರೊಳಗಿನವರ ಮೇಲೆ ಇಂಥದ್ದು ನಡೆದಿದೆ ಎಂದು ತಿಳಿದೂ ಪೊಲೀಸರಿಗೆ ತಿಳಿಸದಿದ್ದರೆ ಆರು ತಿಂಗಳವರೆಗೆ, ಸಂಸ್ಥೆಯ ಮುಖ್ಯಸ್ಥರು ತಮ್ಮ ಕೈಕೆಳಗಿನವರ ಬಗ್ಗೆ ಹಾಗೆ ಮುಚ್ಚಿಟ್ಟರೆ ಒಂದು ವರ್ಷದವರೆಗೆ ಸಜೆ. ಐದನೆಯ ಪಾತಕ ಕೊನೆಗೂ ಕಾಯ್ದೆಯ ಪುಸ್ತಕಕ್ಕೆ ಬಂದಿದೆ ಎಂದುಕೊಂಡೆ. ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಯುಜಿಸಿಯ 2015ರ ನಿಯಮಾವಳಿ ಇದೆ. ವಿದ್ಯಾರ್ಥಿಗಳಿಗೆ ಸಂಬಂಧಿಸಿದ ದೂರಾದರೆ ಆಂತರಿಕ ಸಮಿತಿಯಲ್ಲಿ ವಿದ್ಯಾರ್ಥಿ ಪ್ರತಿನಿಧಿಗಳೂ ಕೂರಬೇಕು, ತೊಂಬತ್ತು ದಿನದಲ್ಲಿ ವಿಚಾರಣೆ ಮುಗಿಯಬೇಕು. ಇದನ್ನು ಓದುತ್ತಿರುವ ವಿದ್ಯಾರ್ಥಿಗಳು ತಮ್ಮ ಕಾಲೇಜಿನ ಸಮಿತಿಯಲ್ಲಿ ಯಾರಿದ್ದಾರೆಂದು ಒಮ್ಮೆ ನೋಡಿಕೊಳ್ಳಲಿ. ಎಷ್ಟೋ ಕಡೆ ಅದು ನೋಟಿಸ್ ಬೋರ್ಡಿನ ಗಾಜಿನೊಳಗೆ ಹಳದಿಯಾಗಿರುತ್ತದೆ.

ಕಾನೂನು ಬಂದರೂ ರಾಜಿ ಹೋಗಿಲ್ಲ. ರಾಜಸ್ಥಾನದಲ್ಲಿ ಸರ್ಕಾರಿ ಶಾಲೆಯ ಶಿಕ್ಷಕರೊಬ್ಬರ ಮೇಲಿನ ಇಂಥದೇ ಪ್ರಕರಣವನ್ನು, ಹುಡುಗಿಯ ಮನೆಯವರ ಜೊತೆ ರಾಜಿಯಾಗಿದೆ ಎಂಬ ಆಧಾರದ ಮೇಲೆ 2022ರಲ್ಲಿ ಹೈಕೋರ್ಟು ರದ್ದು ಮಾಡಿತ್ತು. ಅದನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದದ್ದು ಹುಡುಗಿಯ ಮನೆಯವರಲ್ಲ, ಪ್ರಕರಣಕ್ಕೆ ಸಂಬಂಧವೇ ಇಲ್ಲದ ಮೂರನೆಯವರು. 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಆ ರದ್ದತಿಯನ್ನು ತಳ್ಳಿಹಾಕಿತು. ಇದು ಇಬ್ಬರ ನಡುವಿನ ಖಾಸಗಿ ವ್ಯಾಜ್ಯವಲ್ಲ ಎಂದಿತು. ಪತ್ರಿಕೆಯಲ್ಲಿ ಅದನ್ನು ಓದಿದ ದಿನ ನಾನು ಆ ಮೂರನೆಯವರ ಬಗ್ಗೆ ಬಹಳ ಹೊತ್ತು ಯೋಚಿಸಿದೆ. 2003ರಲ್ಲಿ ನಮ್ಮ ಕೊಠಡಿಯಲ್ಲಿ ಅಂಥ ಐದು ಜನ ಇದ್ದೆವು.

ಕಳೆದ ವರ್ಷ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಫೋನ್ ಮಾಡಿದಳು. ಈಗ ಅವಳೂ ಒಂದು ಕಾಲೇಜಿನಲ್ಲಿ ಕನ್ನಡ ಉಪನ್ಯಾಸಕಿ. ಪ್ರಥಮ ಪಿಯುಸಿಯ ಹುಡುಗಿಯೊಬ್ಬಳು ಒಂದೂವರೆ ಪುಟ ಬರೆದು ಇವಳ ಕೈಗೆ ಕೊಟ್ಟಿದ್ದಾಳೆ. ಮೇಲಿನವರು ಕಾಗದ ನೋಡಿ, ‘ಭಾಷೆ ಒರಟಾಗಿದೆ, ಕಾಗುಣಿತ ತಪ್ಪಿದೆ, ನೀವೇ ಸ್ವಲ್ಪ ತಿದ್ದಿ ನೀಟಾಗಿ ಬರೆಸಿ’ ಎಂದಿದ್ದಾರೆ. ‘ಏನ್ಮಾಡ್ಲಿ ಸರ್?’ ಎಂದಳು.

‘ಒಂದಕ್ಷರಾನೂ ಮುಟ್ಟಬೇಡಮ್ಮ’ ಎಂದೆ. ‘ಮೊದಲು ಠಾಣೆಗೆ ತಿಳಿಸು. ಮೇಲಿನವರು ಹೂಂ ಅನ್ನಲಿ ಅಂತ ಕಾಯಬೇಡ. ಹೇಳಿಕೆ ತಗೊಳ್ಳೋಕೆ ಯೂನಿಫಾರಂ ಇಲ್ಲದೆ ಮಹಿಳಾ ಅಧಿಕಾರಿ ಅವಳ ಮನೆಗೇ ಬರಬೇಕು, ಅದನ್ನೂ ಕೇಳು.’

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, ‘ಸರ್, ಇನ್ನೊಂದು. ಈ ಹುಡುಗಿ ಇಷ್ಟೆಲ್ಲ ಬರೆದೂ ಎಲ್ಲ ಕಡೆ ಅವನನ್ನ ಬಹುವಚನದಲ್ಲೇ ಬರೆದಿದ್ದಾಳೆ. ಸರ್ ಅವರು ಬಂದರು, ಸರ್ ಅವರು ಬಾಗಿಲು ಹಾಕಿದರು ಅಂತ. ಓದೋಕೆ ಆಗ್ತಿಲ್ಲ. ಅದನ್ನಾದ್ರೂ...’

‘ಅದನ್ನೂ ಬಿಡು’ ಎಂದೆ.

‘ಒಬ್ಬಳೇ ಹೋಗೋಕೆ ಭಯ ಆಗುತ್ತೆ ಸರ್. ನೀವು ಬರ್ತೀರಾ?’

ಅವಳ ಊರು ನಮ್ಮಲ್ಲಿಂದ ನಲವತ್ತು ಕಿಲೋಮೀಟರ್. ಹನ್ನೊಂದರ ಬಸ್ಸಿಗೆ ಹೋದೆ. ಠಾಣೆಯ ಬೆಂಚಿನ ಮೇಲೆ ಎರಡೂವರೆ ಗಂಟೆ ಕೂರಿಸಿದರು. ಆ ಒಂದೂವರೆ ಪುಟವನ್ನು ಅವಳು ಅಷ್ಟು ಹೊತ್ತೂ ಪ್ಲಾಸ್ಟಿಕ್ ಫೈಲಿನಲ್ಲಿ ತೊಡೆಯ ಮೇಲಿಟ್ಟುಕೊಂಡಿದ್ದಳು. ನಾನು ಓದಲು ಕೇಳಲಿಲ್ಲ.