ಹುಚ್ಚು ಅಂದರೆ ಮುಗಿಯಿತೆ?

ಕುರಕುಂಭದ ಎಂಐಡಿಸಿಯಲ್ಲಿ ಶಿಫ್ಟ್ ಬಿಟ್ಟ ಮೇಲೆ ನಾವು ನಾಲ್ಕೈದು ಜನ ಕನ್ನಡದವರು ಚಹಾ ಅಂಗಡಿಯಲ್ಲಿ ಸೇರುತ್ತೇವೆ. ಚುನಾವಣೆ ಹತ್ತಿರ ಬಂದಾಗ ಮಾತು ಅಲ್ಲಿಗೇ ಹೊರಳುತ್ತದೆ. ಒಮ್ಮೆ ಒಬ್ಬ ನಾಯಕನ ಭಾಷಣ ಕೇಳಿ, "ಇಂವ ಮೆಂಟಲ್" ಎಂದೆ. ಎಲ್ಲರೂ ನಕ್ಕರು, ಕಲಬುರಗಿ ಕಡೆಯ ಗೆಳೆಯನೊಬ್ಬನನ್ನು ಬಿಟ್ಟು. "ನನ್ನ ತಮ್ಮಗೂ ಊರಾಗ ಹಿಂಗೇ ಅಂತಾರ್ರಿ. ಆದ್ರ ಅಂವ ಯಾರ ಮ್ಯಾಲೂ ಯಾರನ್ನೂ ಎತ್ತಿ ಕಟ್ಟಿಲ್ಲ" ಎಂದ.

ಚಹಾ ಅಂಗಡಿಯ ಮಾತು ಹೋಗಲಿ, ಮನಸ್ಸನ್ನು ಓದಿದವರು ನಾಯಕರ ಬಗ್ಗೆ ಹೀಗೆ ಹೇಳಬಹುದೆ?

ಅಮೆರಿಕದಲ್ಲಿ 1964ರ ಚುನಾವಣೆಯ ಹೊತ್ತಿಗೆ 'ಫ್ಯಾಕ್ಟ್' ಪತ್ರಿಕೆ ಸಾವಿರಾರು ಮನೋವೈದ್ಯರಿಗೆ ಪತ್ರ ಬರೆದು, ಬ್ಯಾರಿ ಗೋಲ್ಡ್‌ವಾಟರ್ ಅಧ್ಯಕ್ಷರಾಗಲು ಮಾನಸಿಕವಾಗಿ ಯೋಗ್ಯರೆ ಎಂದು ಕೇಳಿತು. ಉತ್ತರಿಸಿದ 2,417 ಮಂದಿಯಲ್ಲಿ 1,189 ಮಂದಿ ಅಲ್ಲ ಎಂದರು. ಅವರು ಗೋಲ್ಡ್‌ವಾಟರ್ ಅವರನ್ನು ಪರೀಕ್ಷಿಸಿರಲಿಲ್ಲ. ಗೋಲ್ಡ್‌ವಾಟರ್ ಮಾನನಷ್ಟ ಮೊಕದ್ದಮೆ ಹೂಡಿ ಗೆದ್ದರು. ಪರೀಕ್ಷಿಸದೆ, ಒಪ್ಪಿಗೆಯಿಲ್ಲದೆ ಸಾರ್ವಜನಿಕ ವ್ಯಕ್ತಿಗಳ ರೋಗ ಹೆಸರಿಸಬಾರದೆಂಬ ನಿಯಮವನ್ನು ಅಲ್ಲಿನ ಮನೋವೈದ್ಯರ ಸಂಘ 1973ರಲ್ಲಿ ಮಾಡಿಕೊಂಡಿತು.

ನಮ್ಮಲ್ಲಿ ಆಶಿಶ್ ನಂದಿ ಅವರ ಪ್ರಸಂಗ ಇನ್ನೂ ತೊಡಕಿನದು. ನರೇಂದ್ರ ಮೋದಿ ಇನ್ನೂ ಹೆಸರಾಗಿರದ ದಿನಗಳಲ್ಲಿ ಅವರನ್ನು ಸಂದರ್ಶಿಸಿದ್ದ ನಂದಿ, ದಶಕದ ನಂತರ, 2002ರ ಗುಜರಾತ್ ಹಿಂಸೆಯ ಬೆನ್ನಿಗೇ, 'ಸೆಮಿನಾರ್' ಪತ್ರಿಕೆಯಲ್ಲಿ ಆ ಭೇಟಿಯನ್ನು ನೆನೆದು ಅವರ ವ್ಯಕ್ತಿತ್ವಕ್ಕೆ ಮನಶ್ಶಾಸ್ತ್ರದ ಹೆಸರು ಕೊಟ್ಟರು. ನಂದಿ ದೂರದಿಂದ ಊಹಿಸಿದವರಲ್ಲ. ತಿಳಿದದ್ದನ್ನು ನಾಗರಿಕರಿಗೆ ಹೇಳುವುದು ಕರ್ತವ್ಯ ಎನ್ನುವವರಿದ್ದಾರೆ. ಸಂದರ್ಶನಕ್ಕೆ ಕೂತವನು ತಪಾಸಣೆಗೆ ಒಪ್ಪಿದಂತಲ್ಲ ಎನ್ನುವವರೂ ಇದ್ದಾರೆ. ನನಗೆ ಎರಡನೆಯ ಮಾತೇ ಸರಿ ಎನಿಸುತ್ತದೆ.

ಕಾರಣ ನಾಯಕರ ಮೇಲಿನ ಕನಿಕರವಲ್ಲ. ರೋಗ ಎಂದ ಕೂಡಲೇ ಹೊಣೆ ಕರಗುತ್ತದೆ. ಸುಳ್ಳು, ದ್ವೇಷ, ಕ್ರೌರ್ಯ ಮನುಷ್ಯ ಆರಿಸಿಕೊಳ್ಳುವಂಥವು. ಅದಕ್ಕೇ ಅವು ತಪ್ಪುಗಳು. ಇನ್ನೊಂದು, ಇದು ಎರಡಲಗಿನ ಕತ್ತಿ. ಸೋವಿಯತ್ ಒಕ್ಕೂಟದಲ್ಲಿ ಸರ್ಕಾರವನ್ನು ವಿರೋಧಿಸಿದವರನ್ನೇ ರೋಗಿಗಳೆಂದು ಆಸ್ಪತ್ರೆಗೆ ತಳ್ಳಿದರು. ನಮ್ಮ 2017ರ ಮಾನಸಿಕ ಆರೋಗ್ಯ ಕಾಯ್ದೆ, ಸಮುದಾಯದ ರಾಜಕೀಯ ಅಥವಾ ನೈತಿಕ ಮೌಲ್ಯಗಳಿಗೆ ಹೊಂದದ್ದನ್ನೇ ಕಾಯಿಲೆಯೆಂದು ತೀರ್ಮಾನಿಸುವಂತಿಲ್ಲ ಎನ್ನುತ್ತದೆ.

ಹಾಗಾದರೆ ಮನಶ್ಶಾಸ್ತ್ರಜ್ಞರು ಬಾಯಿ ಮುಚ್ಚಿಕೊಂಡಿರಬೇಕೆ? ಇಲ್ಲ. ಕೆಮಿಕಲ್ ಕಾರ್ಖಾನೆಗಳ ನಡುವೆ ಇರುವ ನಮಗೆ ಇದು ಗೊತ್ತು: ಕೆಟ್ಟ ವಾಸನೆ ಬಂದರೆ ದಾರಿಹೋಕನೂ ಕೂಗಬಹುದು, ಕೂಗಬೇಕು. ರಿಯಾಕ್ಟರಿನೊಳಗೆ ಏನಿದೆ ಎಂದು ಬರೆದುಕೊಡಲು ಮಾತ್ರ ಸ್ಯಾಂಪಲ್ ಬೇಕು. ನಾಯಕನ ಮಾತು, ಕೃತಿ, ಅವು ಜನರಲ್ಲಿ ಹುಟ್ಟಿಸುವ ಭಯ ಎಲ್ಲವೂ ಬಯಲಲ್ಲೇ ಇವೆ. ಅವುಗಳ ಬಗ್ಗೆ ಮಾತಾಡಲು ಯಾರ ಒಪ್ಪಿಗೆಯೂ ಬೇಡ.

ಅದಕ್ಕಿಂತ ದೊಡ್ಡ ಕೆಲಸ ನಮ್ಮನ್ನು ಓದುವುದು. ನಂದಿ ಅವರೇ 1983ರ 'ದಿ ಇಂಟಿಮೇಟ್ ಎನಿಮಿ'ಯಲ್ಲಿ ವಸಾಹತುಶಾಹಿ ಆಳಿದವರ, ಆಳಿಸಿಕೊಂಡವರ ಇಬ್ಬರ ಮನಸ್ಸನ್ನೂ ಹೇಗೆ ತಿದ್ದಿತೆಂದು ತೋರಿಸಿದ್ದರು. ಒಬ್ಬ ನಾಯಕ ಯಾರನ್ನೋ ಹೀಯಾಳಿಸಿದಾಗ ನಮಗೇಕೆ ಖುಷಿಯಾಗುತ್ತದೆ? ಅವನನ್ನು ಹುಚ್ಚ ಎಂದರೆ ಈ ಪ್ರಶ್ನೆಯಿಂದ ಪಾರಾಗುತ್ತೇವೆ.

ಗೆಳೆಯನ ಕ್ಷಮೆ ಕೇಳಿದೆ. ಆ ಮಾತನ್ನು ಬಿಟ್ಟಿದ್ದೇನೆ. ಈಗ ನಾಯಕ ಸುಳ್ಳು ಹೇಳಿದರೆ ಸುಳ್ಳು ಹೇಳಿದ ಎನ್ನುತ್ತೇನೆ. ಅಷ್ಟು ಹೇಳಲು ಮೊದಲಿಗಿಂತ ಹೆಚ್ಚು ಧೈರ್ಯ ಬೇಕಾಗಿದೆ.